ಗಂಡನ ಕಂಪ್ಯೂಟರಿನ ಮುಂದೆ

ನನಗೆ ಕಂಪ್ಯೂಟರ್ ಬರುತ್ತದೆ ಎಂದು ನನ್ನ ಪರವಾಗಿ ಹೇಳಿದವನು ನನ್ನ ಮೈದುನ. ಹರಿಹರದ ನೀರಾವರಿ ಕಚೇರಿಯಲ್ಲಿ, ಸೂಪರಿಂಟೆಂಡೆಂಟರ ಮೇಜಿನ ಎದುರು ನಾನು ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಅವರು ಅದೇ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅನುಕಂಪದ ಆಧಾರದ ಮೇಲೆ ಅವರ ಕೆಲಸ ನನಗೆ ಬಂದಿತ್ತು. ಆದೇಶದ ಪ್ರತಿಯನ್ನು ಓದಿ ಮುಗಿಸಿದ ಸೂಪರಿಂಟೆಂಡೆಂಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಕಂಪ್ಯೂಟರ್ ಬರ್ತೈತೇನಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಮೈದುನ ಹೇಳಿಬಿಟ್ಟ. “ಬರ್ತೈತ್ರಿ ಸರ್. ಕೋರ್ಸ್ ಮಾಡ್ಯಾರ.”

ನಾನು ಯಾವ ಕೋರ್ಸನ್ನೂ ಮಾಡಿರಲಿಲ್ಲ. ಪಿಯುಸಿ ಮುಗಿದ ವರ್ಷ ಮದುವೆಯಾಗಿತ್ತು. ಆಮೇಲೆ ನಾನು ಕಲಿತದ್ದು ಹೊಲಿಗೆ. ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿದುಕೊಡುತ್ತಿದ್ದೆ. ಗಂಡ ಹೋದ ಮೇಲೂ ಅದರಲ್ಲೇ ಹೇಗೋ ನಡೆಯುತ್ತದೆ ಎಂದುಕೊಂಡಿದ್ದೆ. ಆದರೆ ಅತ್ತೆ, ಮೈದುನ, ನನ್ನ ತವರಿನವರು, ಎಲ್ಲರೂ ಸೇರಿ ಅರ್ಜಿ ಬರೆಸಿದರು, ಸಹಿ ಹಾಕು ಎಂದರು, ಹಾಕಿದೆ. ಬೇಡ ಅನ್ನುವುದಕ್ಕೆ ನನ್ನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಎಂಟನೇ ಕ್ಲಾಸಿನ ಮಗಳೊಬ್ಬಳಿದ್ದಳು. ಸರ್ಕಾರಿ ಕೆಲಸವನ್ನು ಯಾರಾದರೂ ಒಲ್ಲೆ ಅನ್ನುತ್ತಾರೆಯೇ?

ಕಚೇರಿಯಿಂದ ಹೊರಗೆ ಬಂದ ಮೇಲೆ ಮೈದುನನಿಗೆ ಕೇಳಿದೆ. “ಯಾಕಪ್ಪ ಹಂಗೆ ಹೇಳ್ದೆ?”

“ಇಲ್ಲ ಅಂದಿದ್ರೆ ಏನು ಅಂತಿದ್ರೋ ಏನೋ ಅತ್ತಿಗೆ. ಅದೇನು ದೊಡ್ಡ ವಿದ್ಯೆ ಅಲ್ಲ ಬಿಡ್ರಿ. ಮೊಬೈಲ್ ಇದ್ದಂಗೆ ಐತೆ, ಸ್ವಲ್ಪ ದೊಡ್ಡದು ಅಷ್ಟೆ,” ಅಂದ. ಅವನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ. ಯಾವ ನಟ್ಟು ಯಾವ ಬೋಲ್ಟಿಗೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಕಂಪ್ಯೂಟರನ್ನು ಅವನೂ ಮುಟ್ಟಿದವನಲ್ಲ.

ಮುಂದಿನ ಸೋಮವಾರ ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಮೂರು ಕಡೆ ಉಕ್ಕಿನ ಬೀರುಗಳು, ಅವುಗಳ ಮೇಲೆ ಕಟ್ಟುಗಟ್ಟಲೆ ಫೈಲು. ಇದ್ದ ಒಂದು ಕಿಟಕಿಗೂ ಬೀರು ಅಡ್ಡ ಇಟ್ಟಿದ್ದರು. ಬಾಗಿಲಿಗೆ ಬೆನ್ನು ಮಾಡಿದ ಒಂದು ಕುರ್ಚಿ, ಅದರ ಮೇಲೆ ಹಳೆಯ ಟವೆಲ್ಲು ಮಡಚಿ ಹಾಸಿತ್ತು. ನೀಲಿ ಗೀಟಿನ ಆ ಟವೆಲ್ಲನ್ನು ನಾನೇ ಕೊಂಡಿದ್ದೆ. ಮನೆಯಲ್ಲಿ ಅದು ಕಾಣೆಯಾಗಿದೆ ಎಂದು ಒಂದು ವಾರ ಹುಡುಕಿದ್ದೆ ಕೂಡ.

ಪಕ್ಕದ ಸೆಕ್ಷನ್ನಿನ ಗುಮಾಸ್ತರೊಬ್ಬರು ಬಂದು ಕಂಪ್ಯೂಟರ್ ಆನ್ ಮಾಡಿಕೊಟ್ಟರು. ಕೀಬೋರ್ಡಿನ ಅಡಿಯಿಂದ ಒಂದು ಚೀಟಿ ತೆಗೆದು ಪಾಸ್‌ವರ್ಡ್ ಹೊಡೆದರು. ಅದು ನನ್ನ ಮಗಳ ಹೆಸರಾಗಿತ್ತು. ಹೋಗುವಾಗ ತಿರುಗಿ ನಿಂತು ಕೇಳಿದರು. “ಈಗ ಆರೋಗ್ಯ ಹೆಂಗೈತ್ರಿ ಮೇಡಂ?”

“ಚೆನ್ನಾಗೈತ್ರಿ,” ಅಂದೆ. ಅದೇ ಪ್ರಶ್ನೆಯನ್ನು ಆ ದಿನ ಇನ್ನೂ ಇಬ್ಬರು ಕೇಳಿದರು. ಗಂಡ ಸತ್ತ ದುಃಖದಲ್ಲಿರುವವಳನ್ನು ಹೀಗೆ ಮಾತಾಡಿಸುತ್ತಾರೇನೋ ಎಂದುಕೊಂಡು ಸುಮ್ಮನಾದೆ.

ಪರದೆಯ ಮೇಲೆ ತುಂಗಭದ್ರೆಯ ಚಿತ್ರವಿತ್ತು. ಸೇತುವೆಯ ಮೇಲೆ ನಿಂತು ಅವರೇ ಮೊಬೈಲಿನಲ್ಲಿ ತೆಗೆದದ್ದಿರಬೇಕು. ನದಿ ಸರಿಯಾಗಿ ಕಾಣುತ್ತಿರಲಿಲ್ಲ, ಯಾಕೆಂದರೆ ಅದರ ಮೇಲೆಲ್ಲ ಹಳದಿ ಬಣ್ಣದ ಸಣ್ಣ ಸಣ್ಣ ಪೆಟ್ಟಿಗೆಗಳು, ಒಂದರ ಪಕ್ಕ ಒಂದು, ಜಾಗವೇ ಬಿಡದ ಹಾಗೆ. ಮನೆಯಲ್ಲೂ ಅವರು ಹಾಗೆಯೇ. ಹಳೆಯ ಲೈಟ್ ಬಿಲ್ಲು, ಮದುವೆ ಕರೆಯೋಲೆ, ಔಷಧಿ ಚೀಟಿ, ಯಾವುದನ್ನೂ ಬಿಸಾಡುತ್ತಿರಲಿಲ್ಲ, ಯಾವುದನ್ನೂ ಒಳಗಿಡುತ್ತಿರಲಿಲ್ಲ. ಎಲ್ಲ ಟೀವಿಯ ಮೇಲೆ. ನಾನು ಮುಟ್ಟಿದರೆ “ನಿಂಗೆ ತಿಳಿಯಲ್ಲ ಬಿಡು” ಅನ್ನುತ್ತಿದ್ದರು.

ಮೌಸನ್ನು ಕೈಯಲ್ಲಿ ಹಿಡಿದೆ. ಬಾಣ ಎಲ್ಲಿದೆ ಎಂದು ಹುಡುಕುವುದರಲ್ಲೇ ಸ್ವಲ್ಪ ಹೊತ್ತು ಹೋಯಿತು. ಅದನ್ನು ಪೆಟ್ಟಿಗೆಯ ಮೇಲೆ ತರುವಷ್ಟರಲ್ಲಿ ನನ್ನ ಕೈ ಮೇಜಿನ ಅಂಚಿಗೆ ಬಂದಿತ್ತು. ಮೌಸನ್ನು ಎತ್ತಿ ಮತ್ತೆ ನಡುವೆ ಇಟ್ಟುಕೊಳ್ಳಬಹುದು ಎಂಬುದು ಹೊಳೆಯಲಿಲ್ಲ. ಕುರ್ಚಿಯನ್ನೇ ಪಕ್ಕಕ್ಕೆ ಸರಿಸಿಕೊಂಡೆ. ಒಮ್ಮೆ ಒತ್ತಿದರೆ ಪೆಟ್ಟಿಗೆ ನೀಲಿಯಾಗುತ್ತಿತ್ತು, ತೆರೆಯುತ್ತಿರಲಿಲ್ಲ. ಎರಡು ಸಲ ಬೇಗ ಒತ್ತಬೇಕು ಎಂದು ಯಾರೋ ಮಾಡುವುದನ್ನು ನೋಡಿದ್ದೆ. ನನ್ನ ಎರಡನೆಯ ಒತ್ತು ಯಾವಾಗಲೂ ತಡವಾಗಿ ಬೀಳುತ್ತಿತ್ತು. ನಿಮಿಷಕ್ಕೆ ಸಾವಿರ ಹೊಲಿಗೆ ಹಾಕುವ ಮಿಷಿನನ್ನು ಕಾಲಲ್ಲಿ ಹಿಡಿತದಲ್ಲಿಟ್ಟುಕೊಂಡವಳು ನಾನು. ಇಲ್ಲಿ ಒಂದು ಬೆರಳು ಮಾತು ಕೇಳಲಿಲ್ಲ.

ಮೊದಲ ವಾರ ಯಾರೂ ಕೆಲಸ ಹೇಳಲಿಲ್ಲ. ಎರಡನೆಯ ವಾರ ಸೂಪರಿಂಟೆಂಡೆಂಟರು ಒಂದು ಸುತ್ತೋಲೆಯನ್ನು ತೆರೆದು ನೋಡಿ, ಅದರಲ್ಲಿ ಕೇಳಿದ ವಿವರಗಳನ್ನು ಬರೆದಿಡಿ ಎಂದರು. ಹೇಗೋ ಮಾಡಿ ತೆರೆದೆ. ಓದುತ್ತಾ ಓದುತ್ತಾ ಕೈ ಯಾವ ಗುಂಡಿಗೆ ತಾಗಿತೋ, ಇದ್ದಕ್ಕಿದ್ದಂತೆ ಆ ಸುತ್ತೋಲೆ ಇಡೀ ಪರದೆಯನ್ನು ತುಂಬಿಕೊಂಡಿತು. ನದಿ, ಪೆಟ್ಟಿಗೆಗಳು, ಕೆಳಗಿನ ಪಟ್ಟಿ, ಗಡಿಯಾರ, ಮೂಲೆಯಲ್ಲಿರುತ್ತಿದ್ದ ಮುಚ್ಚುವ ಗುರುತು, ಯಾವುದೂ ಇಲ್ಲ. ಬಿಳಿಯ ಹಾಳೆಯ ಮೇಲೆ ಕರಿಯ ಅಕ್ಷರಗಳು ಮಾತ್ರ. ಬಾಣವನ್ನು ನಾಲ್ಕೂ ಮೂಲೆಗೆ ಒಯ್ದೆ. ಏನೂ ಆಗಲಿಲ್ಲ.

ಆಗ ಗಂಟೆ ಹನ್ನೊಂದು. ಸಾಯಂಕಾಲ ನಾಲ್ಕರವರೆಗೆ ನಾನು ಆ ಕುರ್ಚಿಯಿಂದ ಏಳಲಿಲ್ಲ. ಕುರ್ಚಿಯ ಬೆನ್ನು ಬಾಗಿಲಿಗೆ ಇದ್ದುದರಿಂದ ನಾನು ಕೂತಿರುವವರೆಗೆ ಪರದೆ ಯಾರಿಗೂ ಪೂರ್ತಿ ಕಾಣುತ್ತಿರಲಿಲ್ಲ. ಎದ್ದರೆ ಕಾಣುತ್ತದೆ. ಯಾರಾದರೂ ಒಳಗೆ ಬಂದರೆ ಓದುತ್ತಿರುವಂತೆ ಮುಂದಕ್ಕೆ ಬಾಗುತ್ತಿದ್ದೆ. ಊಟಕ್ಕೆ ಕರೆದರು, ಹಸಿವಿಲ್ಲ ಎಂದೆ. ಚಹಾ ಬಂತು, ಆರಿ ಕೆನೆ ಕಟ್ಟಿತು. ಶೌಚಕ್ಕೆ ಹೋಗಬೇಕಾಗಿತ್ತು, ಹೋಗಲಿಲ್ಲ. ಆ ಸುತ್ತೋಲೆಯ ಒಂದೊಂದು ಸಾಲೂ ಬಾಯಿಪಾಠವಾಯಿತು. ಯಾರನ್ನಾದರೂ ಕರೆದು ಇದು ಹೋಗುತ್ತಿಲ್ಲ ನೋಡಿ ಎಂದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಕೋರ್ಸ್ ಮಾಡಿದವಳು ಅದನ್ನು ಕೇಳುವ ಹಾಗಿರಲಿಲ್ಲ.

ನಾಲ್ಕು ಗಂಟೆಗೆ ಕಸ ಗುಡಿಸಲು ಬಂದವಳು ಕಚೇರಿಯ ಅಟೆಂಡರ್. ಮಲೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಐವತ್ತೈದರ ಆಸುಪಾಸಿನ ಹೆಂಗಸು. ನನ್ನ ಕಾಲ ಬಳಿ ಬಗ್ಗಿ ಗುಡಿಸಿದವಳು ತಲೆ ಎತ್ತಿ ಪರದೆಯನ್ನು ನೋಡಿದಳು, ಆಮೇಲೆ ಮುಟ್ಟದ ಚಹಾವನ್ನು ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಬಾಗಿಲನ್ನು ಅರ್ಧ ಮುಚ್ಚಿದಳು.

“ಈ ಉದ್ದನ್ನ ಗುಂಡಿ ಐತಲ್ರಿ, ಅದರ ಎಡಗಡೆ ಇರೋದು ಒತ್ತಿ ಹಿಡ್ಕಳ್ರಿ. ಬಿಡಬ್ಯಾಡ್ರಿ. ಈಗ ಎಲ್ಲಾಕಿಂತ ಮ್ಯಾಲಿನ ಸಾಲಿನಾಗ ನಾಲ್ಕು ಅಂತ ಬರ್ದೈತಲ್ಲ, ಅದನ್ನ ಒತ್ತಿರಿ.”

ಒತ್ತಿದೆ. ಹಾಳೆ ಹೋಯಿತು. ನದಿ ಬಂತು.

ನಾನು ಮೊದಲು ಮಾಡಿದ ಕೆಲಸ ಎದ್ದು ಶೌಚಾಲಯಕ್ಕೆ ಹೋದದ್ದು. ತಿರುಗಿ ಬಂದಾಗ ಅವಳು ಬೀರುಗಳ ಧೂಳು ಹೊಡೆಯುತ್ತಿದ್ದಳು.

“ನಿನಗೆ ಹೆಂಗೆ ಗೊತ್ತಕ್ಕ ಇದು?”

“ಇಪ್ಪತ್ತು ವರ್ಷ ಆತ್ರಿ ಇವರ ಹಿಂದೆ ನಿಂತು. ಚಹಾ ಕೊಡುವಾಗ, ಫೈಲು ಕೊಡುವಾಗ ನೋಡ್ತಿರ್ತೀನಿ. ನಂಗೆ ಇಂಗ್ಲಿಷ್ ಓದಾಕ ಬರಲ್ರಿ. ಚಿತ್ರ ನೋಡಿ ಗುರ್ತು ಹಿಡಿತೀನಿ.” ಆಮೇಲೆ ಕೇಳಿದಳು. “ನಿಮಗೆ ಬರಲ್ಲ, ಅಲ್ಲೇನ್ರಿ?”

ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಬೆಳಗ್ಗೆ ಉಳಿದವರು ಬರುವ ಮೊದಲು ಅರ್ಧ ಗಂಟೆ, ಸಂಜೆ ಗುಡಿಸುವ ಹೊತ್ತಿಗೆ ಹತ್ತು ನಿಮಿಷ. ನಾನು ಹಳೆ ಪಿ.ಬಿ. ರಸ್ತೆಯಲ್ಲಿ ಎಂಟೂವರೆಯ ಬಸ್ಸು ಹಿಡಿದು ಬರತೊಡಗಿದೆ. ಅವಳು ನನ್ನ ಹಿಂದೆ ನಿಂತು ಹೇಳುತ್ತಿದ್ದಳು. ಎಷ್ಟು ಸಲ ಹೇಳಿದರೂ ಕೂರಲಿಲ್ಲ. “ಯಾರಾರ ಬಂದ್ರೆ ಏಳಬೇಕು, ನಿಂತಿದ್ರೆ ಸುಲಭ,” ಅನ್ನುತ್ತಿದ್ದಳು. ಪುಸ್ತಕದ ಹೆಸರುಗಳು ಅವಳಿಗೆ ಗೊತ್ತಿರಲಿಲ್ಲ. ಫೋಲ್ಡರ್ ಅವಳ ಪಾಲಿಗೆ ಹಳದಿ ಪೆಟ್ಟಿಗೆ. ಕತ್ತರಿಯ ಗುರುತನ್ನು ಒತ್ತಿದರೆ ಫೈಲು ಕೈಗೆ ಬರುತ್ತದೆ, ಹಾಳೆಯ ಗುರುತನ್ನು ಒತ್ತಿದರೆ ಕೂತುಕೊಳ್ಳುತ್ತದೆ. ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಯ ಮೇಲ್ಗಡೆಯ ಸಣ್ಣ ಗೀಟು ಒತ್ತಿ ಅದು ಕಾಣದಾದರೆ, ಅದು ಸತ್ತಿಲ್ಲ, ಕೆಳಗೆ ಹೋಗಿ ಮಲಗಿದೆ ಅಷ್ಟೆ. ಇದನ್ನು ಅವಳು ಹೇಳಿಕೊಟ್ಟ ದಿನ ನನಗೆ ಬಹಳ ಹಗುರವಾಯಿತು, ಯಾಕೆಂದರೆ ಅಲ್ಲಿಯವರೆಗೆ ಹಾಗೆ ಕಾಣೆಯಾದ ಕಿಟಕಿಗಳನ್ನೆಲ್ಲ ನಾನು ಅಳಿಸಿಹಾಕಿದೆನೆಂದೇ ತಿಳಿದು, ಯಾರು ಯಾವಾಗ ಕೇಳುತ್ತಾರೋ ಎಂದು ಎದೆ ಹಿಡಿದುಕೊಂಡು ಕೂತಿದ್ದೆ.

ಎರಡು ಸಲ ಒತ್ತುವುದನ್ನು ಅವಳು ನನ್ನ ಭುಜದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ಟಕ್ ಟಕ್. “ಇಷ್ಟೇ ಬೇಗ.” ಆಗ ಬಂತು.

ಆದರೂ ನಾನು ಯಾವುದನ್ನೂ ಇದ್ದ ಜಾಗದಿಂದ ಕದಲಿಸಲಿಲ್ಲ. ಪೆಟ್ಟಿಗೆಗಳು ಗಂಡ ಇಟ್ಟ ಕಡೆಯೇ ಇದ್ದವು. ಅವುಗಳ ನಡುವೆ ನಾನು ಪರರ ಮನೆಯಲ್ಲಿ ನಡೆದಾಡುವವಳ ಹಾಗೆ ಬಾಣವನ್ನು ನಡೆಸುತ್ತಿದ್ದೆ. ನನ್ನದೆಂದು ಒಂದು ಫೈಲನ್ನೂ ಮಾಡಿಕೊಂಡಿರಲಿಲ್ಲ. ಸರಿಯಾಗಿ ಕಲಿಯೋಣವೆಂದು ಒಂದು ಭಾನುವಾರ ಮೈದುನನಿಗೆ ಹೇಳಿದೆ. “ವಿದ್ಯಾನಗರದಾಗ ಕ್ಲಾಸ್ ಐತಂತೆ. ಸಂಜೆ ಹೋಗಿ ಬರ್ತೀನಿ.”

“ಬ್ಯಾಡ ಅತ್ತಿಗೆ. ನಿಮ್ಮ ಆಫೀಸಿನ ಇಬ್ಬರು ಅಲ್ಲೇ ಮನೆ ಮಾಡ್ಯಾರ. ನೋಡಿದ್ರೆ? ಕೋರ್ಸ್ ಆಗೈತಿ ಅಂದೋನು ನಾನು. ನನ್ನ ಮಾತಿಗೆ ಬೆಲೆ ಏನುಳೀತೈತೆ?”

ಅತ್ತೆಯೂ ಅವನ ಪರವಾಗಿಯೇ ಮಾತಾಡಿದರು. ನಾನು ಎದ್ದು ಮುಂದಿನ ಕೋಣೆಗೆ ಹೋಗಿ ಹೊಲಿಗೆ ಮಿಷಿನ್ನಿನ ಮುಂದೆ ಕೂತೆ. ಹೊಲಿಯಲು ಏನೂ ಇರಲಿಲ್ಲ. ನೌಕರಿ ಸಿಕ್ಕಿತೆಂದು ಬೀದಿಯವರು ಬಟ್ಟೆ ತರುವುದನ್ನು ಬಿಟ್ಟಿದ್ದರು.

ನಾನು ಕಂಪ್ಯೂಟರ್ ಬಲ್ಲವಳೆಂದು ನಂಬಿದ್ದ ಸೂಪರಿಂಟೆಂಡೆಂಟರು ಹೊಲಗಾಲುವೆ ದುರಸ್ತಿಗೆ ರೈತರು ಕೊಟ್ಟ ಅರ್ಜಿಗಳ ಪಟ್ಟಿಯನ್ನು ನನಗೆ ಒಪ್ಪಿಸಿದರು. ಅದನ್ನು ಶುರುಮಾಡಿದವರು ನನ್ನ ಗಂಡ. ಒಂದು ಪೆಟ್ಟಿಗೆಯಲ್ಲಿ ಊರೂರಿನ ಪಟ್ಟಿಗಳು. ನಾನು ಬೆರಳಲ್ಲಿ ಹುಡುಕಿ ಹುಡುಕಿ ದಿನಕ್ಕೆ ಹತ್ತು ಹೆಸರು ಸೇರಿಸುತ್ತಿದ್ದೆ. ಸಂಜೆ ಐದೂವರೆಯ ಬಸ್ಸಿಗೆ ಓಡುವಾಗ ಕಂಪ್ಯೂಟರ್ ಆರಿಸುವ ಕೆಲಸವನ್ನು ಅಟೆಂಡರ್ ಅಕ್ಕನೇ ಮಾಡುತ್ತಿದ್ದಳು. “ನೀವು ಹೊಂಡ್ರಿ ಮೇಡಂ, ನಾನು ಬಂದ್ ಮಾಡ್ತೀನಿ.”

ಒಂದು ಗುರುವಾರ ಬೆಳಗ್ಗೆ ನೋಡಿದರೆ ಆ ಪೆಟ್ಟಿಗೆ ಇರಲಿಲ್ಲ.

ಅದಿದ್ದ ಜಾಗದಲ್ಲಿ ನದಿಯ ನೀರು ಕಾಣುತ್ತಿತ್ತು. ಬೇರೆಲ್ಲ ಪೆಟ್ಟಿಗೆಗಳು ಸರಿಯಾಗಿದ್ದವು. ಹಿಂದಿನ ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಮೌಸನ್ನು ಒತ್ತಿ ಹಿಡಿದೇ ಕೈಯೆಳೆದ ಹಾಗೆ ನೆನಪು. ಪೆಟ್ಟಿಗೆಯೊಂದು ಬಾಣದ ಜೊತೆ ತೇಲಿ ಬಂದ ಹಾಗೆಯೂ ಕಂಡಿತ್ತು. ಗಾಬರಿಯಲ್ಲಿ ಬೆರಳು ಬಿಟ್ಟಿದ್ದೆ. ಅದೇ ಇರಬೇಕು ಎಂದು ಆಗಲೇ ನನಗೆ ಅನ್ನಿಸಿತು. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಹತ್ತೂವರೆಗೆ ಸೂಪರಿಂಟೆಂಡೆಂಟರು ಪಟ್ಟಿ ಕೇಳಿದರು. ಮುಂದಿನ ವಾರ ಮೇಲಧಿಕಾರಿಗಳ ಸಭೆ ಇತ್ತು. ನಾನು ಕಾಣ್ತಿಲ್ಲ ಸರ್ ಎಂದೆ. ಅವರು ಬಂದರು, ಪಕ್ಕದ ಸೆಕ್ಷನ್ನಿನ ಗುಮಾಸ್ತರೂ ಬಂದರು, ಅಳಿಸಿದ ಫೈಲುಗಳು ಬೀಳುವ ಕಸದ ಬುಟ್ಟಿಯನ್ನೂ ನೋಡಿದರು. ಅಲ್ಲಿಯೂ ಇರಲಿಲ್ಲ.

“ನಿನ್ನೆ ನೀವು ಹೋದ ಮೇಲೆ ಇದನ್ನ ಮುಟ್ಟಿದ್ಯಾರು?” ಎಂದು ಸೂಪರಿಂಟೆಂಡೆಂಟರು ಕೇಳಿದರು.

ಗುಮಾಸ್ತರು ಹೇಳಿದರು. “ಅಟೆಂಡರ್ ಇದ್ಲು ಸರ್. ಮೌಸ್ ಹಿಡ್ಕಂಡು ನಿಂತಿದ್ದನ್ನ ನಾನ ನೋಡೀನಿ.”

ಅವಳನ್ನು ಕರೆಸಿದರು. ಬಾಗಿಲ ಬಳಿ ನಿಂತಳು.

“ನಿನಗ್ಯಾಕ ಬೇಕಿತ್ತು ಅದು? ಕಸ ಹೊಡಿಯೋದು ಬಿಟ್ಟು?”

“ಬಂದ್ ಮಾಡಿದೆ ಅಷ್ಟೇ ಸರ್.”

“ಬಂದ್ ಮಾಡು ಅಂತ ಯಾರು ಹೇಳಿದ್ರು?”

ಅವಳು ನನ್ನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ. ನಾನು ಕೀಬೋರ್ಡನ್ನು ನೋಡುತ್ತಿದ್ದೆ. “ಯಾರೂ ಹೇಳಿಲ್ರಿ,” ಅಂದಳು.

ಅವಳನ್ನು ಹಿಂದಿನ ರೆಕಾರ್ಡ್ ರೂಮಿಗೆ ಹಾಕಿದರು. ಅದು ಶೌಚಾಲಯದ ಪಕ್ಕದ ತಗಡಿನ ಶೆಡ್ಡು. ಗೆದ್ದಲು ಹಿಡಿದ ಹಳೆಯ ಕಾಗದಗಳನ್ನು ವರ್ಷದ ಪ್ರಕಾರ ಕಟ್ಟಿಡಬೇಕು. ಮುಖ್ಯ ಕಟ್ಟಡದೊಳಗೆ ಬರಕೂಡದು, ನೋಟೀಸು ಆಮೇಲೆ ಕೊಡುತ್ತೇವೆ ಎಂದರು.

ಗುರುವಾರ, ಶುಕ್ರವಾರ, ಶನಿವಾರ. ಮೂರು ದಿನ ನಾನು ಬಾಯಿ ಬಿಡಲಿಲ್ಲ. ನಾನೇ ಮಾಡಿದೆನೆಂದರೆ ಹೇಗೆ ಮಾಡಿದೆ ಎಂದು ಕೇಳುತ್ತಾರೆ. ಬರುವುದಿಲ್ಲ ಎನ್ನಬೇಕಾಗುತ್ತದೆ. ಕೋರ್ಸಿನ ಮಾತು ಬರುತ್ತದೆ. ನಾನಿನ್ನೂ ಕಾಯಂ ಆಗಿರಲಿಲ್ಲ. ಮಗಳ ಮುಖ, ಅತ್ತೆಯ ಮುಖ, ಮೈದುನನ ಮುಖ ಒಂದರ ಹಿಂದೊಂದು ಬರುತ್ತಿದ್ದವು. ಶೌಚಕ್ಕೆ ಹೋಗುವ ದಾರಿಯಲ್ಲಿ ಆ ಶೆಡ್ಡಿನ ಮುಂದೆ ಹಾದುಹೋಗಬೇಕಿತ್ತು. ಅವಳು ಬಾಯಿಗೆ ಸೆರಗು ಕಟ್ಟಿಕೊಂಡು ಧೂಳಿನಲ್ಲಿ ಕೂತಿರುತ್ತಿದ್ದಳು. ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ.

ಸೋಮವಾರ ಎಂಟೂವರೆಯ ಬಸ್ಸಿಗೇ ಹೋದೆ. ಬೆನ್ನ ಹಿಂದೆ ಯಾರೂ ಇಲ್ಲದ ಆ ಅರ್ಧ ಗಂಟೆಯಲ್ಲಿ ಒಂದೊಂದೇ ಪೆಟ್ಟಿಗೆ ತೆರೆದು ನೋಡೋಣವೆಂದು ಶುರುಮಾಡಿದೆ. ಮೇಲಿನ ಎಡ ಮೂಲೆಯಿಂದ ಹಿಡಿದು ಸಾಲಾಗಿ. ತೆರೆಯುವುದು, ಕೆಳಗಿನವರೆಗೆ ನೋಡುವುದು, ಮುಚ್ಚುವುದು. ಬೇರೆಯವರು ಬಂದ ಮೇಲೂ ನಿಲ್ಲಿಸಲಿಲ್ಲ. ಮೂರನೆಯ ಸಾಲಿನಲ್ಲಿ, ಪಟ್ಟಿಯ ಪೆಟ್ಟಿಗೆ ಇದ್ದ ಜಾಗದ ಪಕ್ಕದಲ್ಲೇ, ‘ಸ್ವಂತ’ ಎಂಬ ಹೆಸರಿನದೊಂದು ಇತ್ತು. ಗಂಡನ ಖಾಸಗಿ ಎಂದು ಅದನ್ನು ಅಲ್ಲಿಯವರೆಗೆ ತೆರೆದಿರಲಿಲ್ಲ.

ಒಳಗೆ ರಜೆ ಅರ್ಜಿಗಳು. ಒಂದನ್ನು ತೆರೆದೆ. ‘ನನ್ನ ಪತ್ನಿಯ ತೀವ್ರ ಅನಾರೋಗ್ಯದ ನಿಮಿತ್ತ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.’ ಇನ್ನೊಂದನ್ನು ತೆರೆದೆ. ಅದೇ. ಮತ್ತೊಂದು. ಅದೇ. ಅಕ್ಷರ, ಸಾಲು, ಪೂರ್ಣವಿರಾಮ ಎಲ್ಲ ಒಂದೇ, ದಿನಾಂಕ ಮಾತ್ರ ಬೇರೆ. ಎಂಟು ವರ್ಷದ ಅರ್ಜಿಗಳಿದ್ದವು. ಅವುಗಳಲ್ಲಿ ಒಂದು ದಿನ ನನಗೆ ಚೆನ್ನಾಗಿ ನೆನಪಿತ್ತು. ಮಗಳ ಹುಟ್ಟಿದ ಹಬ್ಬದ ಹಿಂದಿನ ದಿನ ಅದು. ಬೆಳಗ್ಗೆ ಎದ್ದು ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಅವರ ಡಬ್ಬಿ ಕಟ್ಟಿದ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಂದಿನಂತೆ ಬಸ್ಸಿಗೆ ಹೋಗಿದ್ದರು. ಸಂಜೆ ಎಂದಿನಂತೆ ಬಂದು ಖಾಲಿ ಡಬ್ಬಿ ಕೊಟ್ಟಿದ್ದರು.

ಆ ದಿನಗಳಲ್ಲಿ ಅವರು ಎಲ್ಲಿಗೆ ಹೋಗುತ್ತಿದ್ದರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಆಗ ಕೋಪ ಬಂದದ್ದು ನಿಜ. ಎಲ್ಲರೂ ನನ್ನ ಆರೋಗ್ಯ ವಿಚಾರಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಆದರೆ ಅದೇ ಕುರ್ಚಿಯಲ್ಲಿ, ಅದೇ ಟವೆಲ್ಲಿನ ಮೇಲೆ ನಾನೂ ಐದು ತಿಂಗಳು ಕೂತಿದ್ದೆ. ಕಿಟಕಿಗೆ ಬೀರು ಅಡ್ಡವಿರುವ ಆ ಕೋಣೆಯಿಂದ ಒಂದು ದಿನವಾದರೂ ಹೊರಗಿರಬೇಕು ಅನ್ನಿಸುವುದು ಹೇಗಿರುತ್ತದೆಂದು ಬೇರೆ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಅವರು ಅದಕ್ಕೆ ನನ್ನ ಹೆಸರು ಬಳಸಿದರು. ಮೈದುನನೂ ನನ್ನ ಹೆಸರಿನಲ್ಲೇ ಸುಳ್ಳು ಹೇಳಿದ. ನಾನು ಬಾಯಿ ಮುಚ್ಚಿಕೊಂಡು ಇನ್ನೊಬ್ಬಳನ್ನು ಶೆಡ್ಡಿನಲ್ಲಿ ಕೂರಿಸಿದೆ.

ಅರ್ಜಿಗಳ ಸಾಲನ್ನು ಕೆಳಗೆ ಸರಿಸುತ್ತಾ ಹೋದೆ. ಕೊನೆಗೆ ಪಟ್ಟಿಯ ಹಳದಿ ಪೆಟ್ಟಿಗೆ ಅಲ್ಲೇ ಕೂತಿತ್ತು. ನಾನೇ ಎಳೆದು ಅದರೊಳಗೆ ಬೀಳಿಸಿದ್ದೆ.

ಕತ್ತರಿಯ ಗುರುತು ಒತ್ತಿ, ಹೊರಗೆ ಬಂದು, ಹಾಳೆಯ ಗುರುತು ಒತ್ತಿದರೆ ಮುಗಿಯುತ್ತಿತ್ತು. ಪಟ್ಟಿ ಸಿಕ್ಕಿತು ಸರ್ ಅನ್ನಬಹುದಿತ್ತು. ಹೇಗೆ ಸಿಕ್ಕಿತು ಎಂದು ಬಹುಶಃ ಕೇಳುತ್ತಲೂ ಇರಲಿಲ್ಲ. ಬಾಣವನ್ನು ಕತ್ತರಿಯ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಹಾಗೆ ಮಾಡಿದರೆ ಪೆಟ್ಟಿಗೆಯನ್ನು ಎಲ್ಲೋ ಹಾಕಿದವಳು ಅಟೆಂಡರ್ ಅಕ್ಕನೇ ಎಂಬ ಮಾತು ಹಾಗೆಯೇ ಉಳಿದುಬಿಡುತ್ತಿತ್ತು. ಹಾಗೇ ಬಿಟ್ಟು ಎದ್ದು ಸೂಪರಿಂಟೆಂಡೆಂಟರ ಕೋಣೆಗೆ ಹೋದೆ.

“ಸರ್, ಪಟ್ಟಿ ಸಿಕ್ತು. ಅದನ್ನ ಬೇರೆ ಫೋಲ್ಡರಿನಾಗ ಹಾಕಿದೋಳು ನಾನು. ಬೇಕಂತ ಅಲ್ಲ. ನನಗೆ ಕಂಪ್ಯೂಟರ್ ಬರ್ತಿರಲಿಲ್ಲ. ಕೋರ್ಸ್ ಮಾಡಿಲ್ಲ. ಆ ಅಕ್ಕ ನನಗೆ ಹೇಳಿಕೊಡ್ತಿದ್ಲು. ಬಂದ್ ಮಾಡು ಅಂತ ಬಿಟ್ಟು ಹೋಗಿದ್ದೂ ನಾನ.”

ಅವರು ಪೆನ್ನು ಕೆಳಗಿಟ್ಟರು. “ತೋರಿಸ್ರಿ,” ಎಂದು ಎದ್ದು ಬಂದರು. ನನ್ನ ಕುರ್ಚಿಯ ಹಿಂದೆ ನಿಂತರು. ತೆರೆದೇ ಇದ್ದ ಕಿಟಕಿಯಲ್ಲಿ ರಜೆ ಅರ್ಜಿಗಳ ಸಾಲೂ ಅವರಿಗೆ ಕಂಡಿತು. ದಿನಾಂಕಗಳನ್ನು ಒಂದೊಂದಾಗಿ ನೋಡಿದರು.

“ಇವಕ್ಕೆಲ್ಲ ಸಹಿ ಹಾಕಿದೋನು ನಾನ,” ಎಂದರು. ಆಮೇಲೆ, “ನಿಮಗೆ ಏನು ಕಾಯಿಲೆ ಇತ್ರಿ?”

“ಏನೂ ಇರಲಿಲ್ಲ ಸರ್.”

“ನಡೆದದ್ದನ್ನೆಲ್ಲ ಒಂದು ವಿವರಣೆ ಬರ್ದು ಕೊಡ್ರಿ. ಕೈಲಿ ಬ್ಯಾಡ. ಟೈಪ್ ಮಾಡಿ ಕೊಡ್ರಿ,” ಎಂದು ಹೋದರು.

ಒಂದು ಪುಟ ಟೈಪ್ ಮಾಡುವುದಕ್ಕೆ ಊಟದ ಹೊತ್ತು ಕಳೆದು ಸಂಜೆಯವರೆಗೆ ಹಿಡಿಯಿತು. ಒತ್ತಕ್ಷರಗಳು ಸಿಗದೆ ಹಲವು ಪದಗಳನ್ನು ಬದಲಾಯಿಸಿಕೊಂಡೆ. ಉಳಿಸುವಾಗ ಎಲ್ಲಿ ಎಂದು ಕಂಪ್ಯೂಟರ್ ಕೇಳಿತು. ಹೊಸ ಪೆಟ್ಟಿಗೆ ಮಾಡಿ ಅದರಲ್ಲಿಟ್ಟೆ. ಅದಕ್ಕೆ ಏನು ಹೆಸರಿಡುವುದೆಂದು ತಿಳಿಯದೆ ನನ್ನ ಹೆಸರನ್ನೇ ಬರೆದೆ. ಆ ಪರದೆಯ ಮೇಲೆ ನನ್ನದಾದ ಮೊದಲನೆಯದು ಅದು.

ನನಗೆ ಲಿಖಿತ ಎಚ್ಚರಿಕೆ ಬಂತು. ಕಾಯಂ ಆಗುವ ಅವಧಿ ಒಂದು ವರ್ಷ ಮುಂದಕ್ಕೆ ಹೋಯಿತು. ಅಷ್ಟರೊಳಗೆ ಕಂಪ್ಯೂಟರ್ ಪರೀಕ್ಷೆ ಪಾಸು ಮಾಡದಿದ್ದರೆ ಮುಂದೇನೆಂದು ಹೇಳಲಾಗುವುದಿಲ್ಲ ಎಂದರು. ಮೈದುನ ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟ. “ಅವರೇನು ಕೇಳಿರಲಿಲ್ಲ, ನೀವಾಗಿ ಹೋಗಿ ಹೇಳಿದ್ರಿ. ಮನೆ ಮರ್ಯಾದೆ ಹೋತು,” ಎಂಬುದಷ್ಟೇ ಅವನ ಮಾತು. ಈಗ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ವಿದ್ಯಾನಗರದ ಕ್ಲಾಸಿಗೆ ಸೇರಿದೆ. ಸಂಜೆ ಬಸ್ಸಿಳಿದು ನೇರ ಅಲ್ಲಿಗೆ. ಕಾಲೇಜು ಹುಡುಗಿಯರ ನಡುವೆ ನಾನೊಬ್ಬಳೇ ನಲವತ್ತು ದಾಟಿದವಳು. ನನಗೆ ಆಗಲೇ ಮಾಡಲು ಬರುತ್ತಿದ್ದ ಕೆಲಸಗಳ ಹೆಸರುಗಳನ್ನು ಅಲ್ಲಿ ಕಲಿತೆ. ಮೊದಲ ಸಲ ಪರೀಕ್ಷೆಯಲ್ಲಿ ನಪಾಸಾದೆ, ಎರಡನೆಯ ಸಲ ಪಾಸಾದೆ.

ಅಟೆಂಡರ್ ಅಕ್ಕನನ್ನು ಆ ಸೋಮವಾರ ಸಂಜೆಯೇ ಒಳಗೆ ಕರೆಸಿಕೊಂಡಿದ್ದರು. ಮಾರನೆಯ ಬೆಳಗ್ಗೆ ಬೇಗ ಹೋಗಿ ಅವಳಿಗಾಗಿ ಕಾದೆ. ಬಂದು ಎಂದಿನಂತೆ ಮೇಜು ಒರೆಸಿದಳು.

“ತಪ್ಪಾತಕ್ಕ.”

ಅವಳು ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಮೇಲೆ ಹರವಿದಳು. “ನೀವು ಹೇಳಿದ್ರಂತಲ್ಲ. ಒಳ್ಳೇದಾತು. ಮೂರು ದಿನ ನಂಗೆ ಆ ಧೂಳಿನಾಗ ಉಸಿರು ಕಟ್ತಿತ್ತು ಮೇಡಂ. ಅದನ್ನ ಮರಿ ಅಂದ್ರೆ ಮರಿಯಾಕ ಆಗಲ್ಲ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಇನ್ನ ಇದರ ಹತ್ರ ನನ್ನ ಕರೀಬ್ಯಾಡ್ರಿ.”

ಕರೆಯಲಿಲ್ಲ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ನನ್ನ ರೊಟ್ಟಿ ಅವಳಿಗೆ, ಅವಳ ಪುಂಡಿಪಲ್ಯ ನನಗೆ. ಮಗಳ ಓದಿನ ಬಗ್ಗೆ ಕೇಳುತ್ತಿದ್ದಳು, ಅವಳ ಊರಿನ ಗದ್ದೆ ನಾಟಿಯ ಸುದ್ದಿ ಹೇಳುತ್ತಿದ್ದಳು. ಕೋಣೆಗೆ ಬಂದಾಗ ಮಾತ್ರ ಕಣ್ಣು ಪರದೆಯ ಕಡೆ ಹೋಗದಂತೆ ಗುಡಿಸುತ್ತಿದ್ದಳು. ಆಮೇಲೆ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಚಿತ್ರಗಳೆಲ್ಲ ಬದಲಾದವು, ಜಾಗಗಳೂ ಬದಲಾದವು. ಇದನ್ನು ಅವಳಿಗೆ ತೋರಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತು. ಅವಳು ಕೇಳಲಿಲ್ಲ.

ಅವಳು ನಿವೃತ್ತಳಾದ ದಿನ ಬಿಡುಗಡೆ ಪತ್ರವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಹೊಸ ಸೀರೆಯುಟ್ಟು, ಯಾರೋ ಹಾಕಿದ ಹಾರವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಒಳಗೆ ಬಾ ಅಕ್ಕ. ಒಂದ್ಸಲ ನೋಡಿಬಿಡು. ತಪ್ಪಿದ್ರೆ ಈಗ್ಲೇ ತಿದ್ತೀನಿ.”

ಎರಡು ಹೆಜ್ಜೆ ಒಳಗೆ ಬಂದಳು. ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ. ನಾನು ಅಕ್ಷರಗಳನ್ನು ದೊಡ್ಡದು ಮಾಡಿದೆ. ನಿಂತಲ್ಲಿಂದಲೇ ತುಟಿ ಅಲ್ಲಾಡಿಸುತ್ತಾ ತನ್ನ ಹೆಸರು, ಊರು, ಸೇವೆಗೆ ಸೇರಿದ ದಿನ ಎಲ್ಲವನ್ನೂ ಓದಿದಳು.

“ಸರಿ ಐತ್ರಿ. ಪ್ರಿಂಟ್ ಕೊಡ್ರಿ,” ಎಂದಳು.

ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಮಲೆಬೆನ್ನೂರು ಬಸ್ಸಿಗೆ ಹೊತ್ತಾಗಿತ್ತು. ಗೇಟಿನವರೆಗೆ ಜೊತೆಗೆ ಹೋದೆ. ಅವಳ ಬಸ್ಸು ಹೋದ ಮೇಲೆ ಒಳಗೆ ಬಂದು, ಉಳಿದ ಎರಡು ಪತ್ರಗಳನ್ನು ಟೈಪ್ ಮಾಡಿ ಮುಗಿಸಿದೆ. ನನಗೆ ಇನ್ನೂ ಹದಿಮೂರು ವರ್ಷ ಸೇವೆ ಇದೆ.